ಎಲೆ ಹಾಕಿ ಪೆಡಲ್ ಬಡಿಸಿದ ಷಡ್ಡಕ

ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಗೆ, ಸಂಗೀತದ ಗಂಧಗಾಳಿ ಇಲ್ಲ ಎಂದರೆ ಗಂಧಕ್ಕೂ ಗಾಳಿಗೂ ಅವಮಾನ! ರಾಮನವಮಿಯ ಭಜನೆಯಲ್ಲಿ ಚಪ್ಪಾಳೆ ತಟ್ಟಲು ಬಿಟ್ಟರೆ ಹಾಡುವವರೇ ದಾರಿ ತಪ್ಪುತ್ತಾರೆ. ನಾನೋ, ಇಪ್ಪತ್ತು ವರ್ಷದಿಂದ ಗಿಟಾರ್ ಹಿಡಿದವನು. ಬನಶಂಕರಿಯ ಮಾವನ ಮನೆಯಲ್ಲಿ ಕಲಾವಿದ ಅಳಿಯ ಎಂಬ ಪಟ್ಟ ನನ್ನೊಬ್ಬನದೇ ಆಗಿತ್ತು. ಅದನ್ನು ಈ ಮಹಾಶಯ ಕಿತ್ತುಕೊಂಡ. ಅದೂ ಯಾವುದರಿಂದ? ಅತ್ತೆಯ ಸ್ಟೀಲ್ ಡಬ್ಬಿಯಿಂದ!

ಗಿಟಾರಿನ ದನಿಯನ್ನು ಗರ್ಜಿಸುವಂತೆಯೋ ಗುಂಯ್‌ಗುಡುವಂತೆಯೋ ಮಾಡಲು ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಪೆಡಲ್ ಎನ್ನುತ್ತಾರೆ. ಈತ ಸೈಬರ್ ಕೆಫೆಯಲ್ಲಿ ಕೂತು ಅದರ ನಕ್ಷೆ ಪ್ರಿಂಟ್ ತೆಗೆಸಿ, ಎಸ್ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಸಾಮಾನು ತಂದು, ಡಬ್ಬಿಗೆ ತೂತು ಕೊರೆದು ಒಂದನ್ನು ಮಾಡಿಯೇಬಿಟ್ಟ. ದುರದೃಷ್ಟ, ಅದು ಕೆಲಸವನ್ನೂ ಮಾಡಿತು! ಜಯನಗರದ ಕಾಲೇಜು ಹುಡುಗರು "ಗುರು, ಸಖತ್ತಾಗಿದೆ" ಎನ್ನುತ್ತ ಅವನ ಮನೆ ಬಾಗಿಲಿಗೆ ಬಂದರು. ಅತ್ತೆಯೋ, "ನಮ್ಮ ಚಿಕ್ಕ ಅಳಿಯಂದ್ರು ಏನೋ ಕಂಡುಹಿಡಿದಿದಾರೆ" ಎಂದು ಬೀದಿಗೆಲ್ಲ ಸಾರಿದರು. ಡಬ್ಬಿ ಹಾಳಾಗಿದ್ದಕ್ಕೆ ಒಂದೇ ಒಂದು ಮಾತಿಲ್ಲ. ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಅಷ್ಟಕ್ಕೆ ನಿಂತನೇ? ಪೆಡಲ್ ಮಾಡುವುದನ್ನು ಕಲಿಸುತ್ತೇನೆಂದು ಒಂದು ಭಾನುವಾರ ಕಾರ್ಯಾಗಾರ ಇಟ್ಟ, ಜೆಪಿ ನಗರದ ಕಲ್ಯಾಣ ಮಂಟಪವೊಂದರ ಊಟದ ಹಾಲ್‌ನಲ್ಲಿ. ಆತ ಮುಗ್ಗರಿಸುವುದನ್ನು ಕಣ್ಣಾರೆ ನೋಡೋಣವೆಂದೇ ನಾನೂ ಹೆಸರು ಕೊಟ್ಟೆ. ಹೋಗಿ ನೋಡಿದರೆ ಟೇಬಲ್ಲಿನುದ್ದಕ್ಕೂ ಮುತ್ತುಗದ ಎಲೆ! ನಮ್ಮ ಕಡೆಯ ಮದುವೆಗಳಲ್ಲೆಲ್ಲ ಬಡಿಸುವ ಉಸ್ತುವಾರಿ ಈತನದೇ. ಗೊತ್ತಿದ್ದ ಕ್ರಮವೂ ಅದೊಂದೇ. ಉಪ್ಪಿನ ಜಾಗದಲ್ಲಿ ರೆಸಿಸ್ಟರ್, ಕೋಸಂಬರಿಯ ಜಾಗದಲ್ಲಿ ಕೆಪಾಸಿಟರ್, ಅನ್ನದ ಜಾಗದಲ್ಲಿ ಬೋರ್ಡು.

"ಟ್ರಾನ್ಸಿಸ್ಟರ್ ಯಾರಿಗೆ ಬಂದಿಲ್ಲ? ನಾಚ್ಕೋಬೇಡಿ, ಕೇಳಿ ಹಾಕಿಸ್ಕೊಳಿ!" ಎಂದು ಬಕೆಟ್ ಹಿಡಿದು ಓಡಾಡುತ್ತಿದ್ದ. ನನಗೆ ನಗು ಬರಬೇಕಿತ್ತು. ಆದರೆ ಅಷ್ಟು ಜನರಲ್ಲಿ ಒಬ್ಬರದೂ ಒಂದು ಸಾಮಾನೂ ಕಳೆಯಲಿಲ್ಲ, ಅದೇ ನನ್ನ ಸಂಕಟ.

ನನ್ನ ಎಲೆಯ ಬಳಿ ಬಂದವನು ಬಗ್ಗಿ ನೋಡಿದ. "ಅಣ್ಣ, ಆ ಟ್ರಾನ್ಸಿಸ್ಟರ್ ತಿರುಗಿಸಿ ಹಾಕ್ಬೇಕು."

"ನನಗೇ ಹೇಳ್ಕೊಡ್ತೀರಾ? ಗಿಟಾರ್ ಹಿಡಿದು ಇಪ್ಪತ್ತು ವರ್ಷ ಆಯ್ತು!" ಎಂದು ನನಗೆ ತೋಚಿದಂತೆಯೇ ಬೆಸುಗೆ ಹಾಕಿದೆ.

ಸಂಜೆ ಹೊತ್ತಿಗೆ, ತಂದಿದ್ದ ಗಿಟಾರುಗಳಿಗೆ ಸಿಕ್ಕಿಸಿದ್ದೇ ತಡ, ಎಲ್ಲರ ಡಬ್ಬಿಯೂ ಗರ್ಜಿಸಿತು. ನನ್ನದು ಮಾತ್ರ ಮೌನವ್ರತ! ಹುಡುಗರು ಎದ್ದರೆ ಆ ಗದ್ದಲದಲ್ಲಿ ಜಾರಿಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಆತ ಕೂಗಿದ: "ಯಾರೂ ಏಳ್ಬೇಡಿ! ಪಂಕ್ತೀಲಿ ಒಬ್ರುದು ಇನ್ನೂ ಆಗಿಲ್ಲ."

ಇಡೀ ಸಾಲು ನನ್ನನ್ನೇ ನೋಡುತ್ತ ಕೂತಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಆತ ಪಕ್ಕದಲ್ಲಿ ಬಂದು ಕೂತ. ನನ್ನ ಬೆಸುಗೆ ಕರಗಿಸಿ ಟ್ರಾನ್ಸಿಸ್ಟರ್ ತಿರುಗಿಸುತ್ತ, ನನಗಷ್ಟೇ ಕೇಳುವಂತೆ ಹೇಳಿದ: "ಮಾವನ ಮನೇಲಿ ನೀವು ನುಡಿಸ್ತಿದ್ರೆ ನನಗೆ ಹೊಟ್ಟೆ ಉರಿಯೋದು ಅಣ್ಣ. ನನಗಂತೂ ಈ ಜನ್ಮದಲ್ಲಿ ಬರಲ್ಲ. ನುಡಿಸೋರ ಕಾಲ ಹತ್ರ ಇರೋದನ್ನಾದ್ರೂ ಮಾಡೋಣ ಅಂತ ಶುರು ಮಾಡ್ದೆ."

ನಾನು ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದನ್ನು ಆತ ಎಷ್ಟು ಸಲೀಸಾಗಿ ಹೇಳಿಬಿಟ್ಟ! ನಾಚಿಕೆಯಾಯಿತು. ಗಿಟಾರ್ ಎತ್ತಿಕೊಂಡು ಡಬ್ಬಿ ಒತ್ತಿದೆ. ಎಂಥ ದನಿ! ಆತ ಕಣ್ಣು ಮುಚ್ಚಿ ತಲೆದೂಗತೊಡಗಿದ, ಎಂದಿನಂತೆ ತಾಳಕ್ಕೆ ಸಂಬಂಧವೇ ಇಲ್ಲದೆ. ನಾನು ನನ್ನ ತಾಳ ಬಿಟ್ಟೆ. ಅವನ ತಲೆ ಇಳಿದಲ್ಲೆಲ್ಲ ತಂತಿ ಮೀಟುತ್ತ ಹೋದೆ.