ಎಂಟನೆಯವಳು

ದಿನದ ತಾರೀಖು ಬರೆಯದೆ ಊಟಕ್ಕೆ ಕೂಡಲಾಗದ ಜನ ಕೆಲವರಿರುತ್ತಾರೆ. ನಾನು ಆ ಪೈಕಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ. ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದ್ದು, ಎಷ್ಟು ದಿನ ಬಂತು, ಸೇಡಂನಿಂದ ಕಲಬುರಗಿಗೆ ಹೋಗುವ ಬೆಳಗಿನ ಬಸ್ಸು ತಿಂಗಳಲ್ಲಿ ಎಷ್ಟು ಸಲ ತಡವಾಯಿತು, ಗಣಿತದ ಪಿರಿಯಡ್ಡಿನಲ್ಲಿ ಏಳನೇ ತರಗತಿಯ ಹುಡುಗಿಯರಿಗೆ ಎಷ್ಟು ಸಲ ಬಾಯಾರಿಕೆಯಾಯಿತು, ಎಲ್ಲವೂ ನನ್ನ ಡೈರಿಯಲ್ಲಿದೆ. ಸಮಾಜ ವಿಜ್ಞಾನದ ಪಿರಿಯಡ್ಡಿಗಿಂತ ನನ್ನ ಪಿರಿಯಡ್ಡಿನಲ್ಲಿ ಬಾಯಾರಿಕೆ ಎರಡು ಪಟ್ಟು ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದೇನೆ. ಅಮ್ಮನಿಗೆ ಈ ಡೈರಿ ಕಂಡರೆ ಆಗದು. "ಊರಿಂದೆಲ್ಲಾ ಬರದಿಟ್ಟೀದಿ ಪದ್ದಿ, ನಿನ್ನ ಮದವಿ ತಾರೀಖು ಬರಿಲಿಕ್ಕೆ ಜಾಗಾ ಉಳಿಸೀಯೋ ಇಲ್ಲೋ?" ಎಂದು ಕೇಳುತ್ತಾಳೆ. ಜಾಗ ಬೇಕಾದಷ್ಟಿದೆ ಎಂದು ನಾನು ಖಾಲಿ ಹಾಳೆ ಎಣಿಸಿ ತೋರಿಸುತ್ತೇನೆ. ಆಕೆ ಒಳಗೆ ಹೋಗಿ ಪಾತ್ರೆಗಳ ಜೊತೆ ಮಾತಾಡುತ್ತಾಳೆ.

ಇಂಥವಳ ಕೈಗೆ ಒಂದು ಮಹಿಳಾ ಹಾಕಿ ಸಂಘ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ನಮ್ಮ ಶಾಲೆಯ ಪಿ.ಟಿ. ಟೀಚರ್ ಜಯಶ್ರೀ ಹಿಂದೊಮ್ಮೆ ಚೆನ್ನಾಗಿ ಹಾಕಿ ಆಡಿದವಳು. ಮದುವೆ, ನೌಕರಿ, ಮಕ್ಕಳು ಎಂದು ಸ್ಟಿಕ್ಕನ್ನು ಅಟ್ಟಕ್ಕೇರಿಸಿದ ಹೆಂಗಸರನ್ನೆಲ್ಲ ಸುತ್ತಲಿನ ಊರುಗಳಿಂದ ಹುಡುಕಿ ತೆಗೆದಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಐದು ತಂಡಗಳಾದವು. ಮೊದಲ ಸಭೆ ಆಕೆಯ ಮನೆಯ ಪಡಸಾಲೆಯಲ್ಲಿ. ನಾನು ಹೋದದ್ದು ಉತ್ತರ ಪತ್ರಿಕೆಯ ಕಟ್ಟು ಕೊಟ್ಟುಬರಲು. "ಯಾರ ಬಲ್ಲಿ ಪೆನ್ ಅದ?" ಎಂದು ಯಾರೋ ಕೇಳಿದರು. ನನ್ನ ಹತ್ತಿರ ಎರಡಿದ್ದವು, ಕೆಂಪು ಒಂದು, ನೀಲಿ ಒಂದು. ಹೀಗೆ ನಾನು ಕಾರ್ಯದರ್ಶಿಯಾದೆ. ಅಲ್ಲಿಯವರೆಗೆ ನಾನು ಹಾಕಿ ಸ್ಟಿಕ್ಕು ಹಿಡಿದದ್ದು ಒಂದೇ ಸಲ, ಮೇಲಿನ ನಾಗೊಂದಿಗೆಯಿಂದ ಉಪ್ಪಿನಕಾಯಿ ಡಬ್ಬಿ ಎಳೆಯಲು. ಡಬ್ಬಿ ಬಂತು, ಉಪ್ಪಿನಕಾಯಿ ಉಳಿಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಸುರು, ಯುಗಾದಿಯ ಬಿಸಿಲು ಏರುವ ಮೊದಲು ಮುಕ್ತಾಯ. ಊರಿಗೆ ಎಂಟು ಆಟ, ಒಟ್ಟು ಇಪ್ಪತ್ತು. ವೇಳಾಪಟ್ಟಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಅದರ ಅಂದ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಕಾಗದದ ಮೇಲಿನ ಹಾಕಿಯಷ್ಟು ಚೆಂದದ ಆಟ ಇನ್ನೊಂದಿಲ್ಲ. ಮೈದಾನದ ಹಾಕಿ ಬೇರೆ. ವಾಡಿಯವರ ಆಟ ರೈಲಿನ ಸಮಯಕ್ಕೆ ಸುರುವಾಗಿ ರೈಲಿನ ಸಮಯಕ್ಕೆ ಮುಗಿಯುತ್ತದೆ. ಗೋಲು ಹೊಡೆಯುವ ಹೊತ್ತಿಗೆ ದೂರದಲ್ಲಿ ಇಂಜಿನ್ ಕೂಗಿದರೆ ಎದುರು ತಂಡದ ಅರ್ಧ ಜನ ಬ್ಯಾಗಿನ ಕಡೆ ನೋಡುತ್ತಾರೆ. ಶಹಾಬಾದಿನಲ್ಲಿ ಮೈದಾನದ ಸುತ್ತ ಕೂಡಲು ಹಾಸುಗಲ್ಲುಗಳು ಬೇಕಾದಷ್ಟಿವೆ, ಹನ್ನೊಂದು ಗಂಟೆಯಾದ ಮೇಲೆ ಅವುಗಳ ಮೇಲೆ ಕೂಡುವವರಿಲ್ಲ. ಚಿತ್ತಾಪುರದ ತಂಡದಲ್ಲಿ ಮೂವರು ದವಾಖಾನೆಯ ನರ್ಸುಗಳು. ಅವರು ಮೊದಲು ಮಂಡಿ ಒಡೆಯುತ್ತಾರೆ, ಆಮೇಲೆ ಅವರೇ ಪ್ರೀತಿಯಿಂದ ಪಟ್ಟಿ ಕಟ್ಟುತ್ತಾರೆ.

ಇನ್ನು ಚಿಂಚೋಳಿ. ಹೆಸರಿಗೆ ಚಿಂಚೋಳಿ ತಂಡವಾದರೂ ಹೆಚ್ಚಿನವರು ಕೊಡ್ಲಿ, ಐನಾಪುರದ ಹಳ್ಳಿಯ ಹೆಂಗಸರು. ಟಂಟಂ ಆಟೋ ಹಿಡಿದು, ಬಸ್ಸು ಬದಲಿಸಿ, ಎಲ್ಲರಿಗಿಂತ ದೂರದಿಂದ ಬಂದು, ಎಲ್ಲರಿಗಿಂತ ಮೊದಲು ಮೈದಾನದಲ್ಲಿ ಇರುತ್ತಿದ್ದರು. ನಾಯಕಿ ಅನಸೂಯಕ್ಕ ಕೊಡ್ಲಿಯ ಅಂಗನವಾಡಿ ಕಾರ್ಯಕರ್ತೆ. ಹತ್ತನೇ ತರಗತಿಯವರೆಗೆ ಆಡಿ ಬಿಟ್ಟ ಆಟವನ್ನು ಮೂವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಹಿಡಿದಿದ್ದರು. ಹಿಡಿ ಜಾರದಿರಲೆಂದು ಸ್ಟಿಕ್ಕಿಗೆ ಹಳೆಯ ಸೀರೆಯ ಅಂಚು ಸುತ್ತಿಕೊಂಡಿದ್ದರು. ಮಾತು ಕಡಿಮೆ. ಸೋತರೆ "ಆತು ಬಿಡ್ರಿ", ಗೆದ್ದರೆ "ಆತು ಬಿಡ್ರಿ". ಗೆದ್ದದ್ದು ಒಂದೇ ಸಲ, ಆದ್ದರಿಂದ ಎರಡರ ನಡುವೆ ದನಿಯ ವ್ಯತ್ಯಾಸ ಇತ್ತೇ ಎಂದು ಹೇಳಲು ನನ್ನ ಬಳಿ ಸಾಕಷ್ಟು ಮಾಹಿತಿ ಇಲ್ಲ.

ಈಗ ನಿಯಮದ ವಿಷಯ. ಅದು ನನ್ನದೇ ಕೈಬರಹ. ಸೀಟಿ ಊದುವ ಹೊತ್ತಿಗೆ ಕನಿಷ್ಠ ಎಂಟು ಮಂದಿ ಮೈದಾನದಲ್ಲಿ ಇಲ್ಲದಿದ್ದರೆ ಆ ತಂಡ ಸೋತಂತೆ. ಒಂದೇ ಹಂಗಾಮಿನಲ್ಲಿ ಮೂರು ಸಲ ಹೀಗಾದರೆ ಮುಂದಿನ ವರ್ಷ ಆ ತಂಡಕ್ಕೆ ಜಾಗವಿಲ್ಲ. ನಾನು ಇದನ್ನು ಓದಿ ಹೇಳಿದಾಗ ಎಲ್ಲರೂ "ಹ್ಞೂಂರಿ" ಎಂದರು. ಅದೇ ಹೊತ್ತಿಗೆ ಚಹಾ ಬಂದಿತ್ತು ಎಂಬುದು ನಂತರ ಹೊಳೆಯಿತು.

ಚಿಂಚೋಳಿ ಮೊದಲ ಸಲ ಕಡಿಮೆ ಬಿದ್ದದ್ದು ತೊಗರಿ ರಾಶಿಯ ಹೊತ್ತಿಗೆ. ಎರಡನೆಯ ಸಲ ಐನಾಪುರದಲ್ಲಿ ಒಂದು ಮದುವೆ. ತಂಡದಲ್ಲಿ ಐವರು ಒಂದೇ ಮನೆತನದ ಸೊಸೆಯಂದಿರು, ಒಂದು ಮೈದುನನ ಮದುವೆಗೆ ಅರ್ಧ ತಂಡವೇ ಮಾಯ. ನಾನು ಕೆಂಪು ಪೆನ್ನಿನಲ್ಲಿ ಎರಡು ಗುರುತು ಹಾಕಿದೆ. ಇನ್ನೊಂದು ಬಿದ್ದರೆ ಮುಗಿಯಿತು. ಆದರೆ ಆಮೇಲಿನ ಮೂರು ಆಟಗಳಿಗೆ ಚಿಂಚೋಳಿ ಸರಿಯಾಗಿ ಎಂಟು ಮಂದಿ ಬಂತು. ಎಂಟು, ಎಂಟು, ಎಂಟು. ಗಣಿತದ ಟೀಚರಿಗೆ ಇಂಥ ಕಡೆ ಅನುಮಾನ ಬರಬೇಕು. ಮೂವರು ಮಕ್ಕಳಿಗೆ ಒಂದೇ ಅಂಕ ಬಂದರೆ ನಾನು ಮೊದಲು ಅವರ ಬೆಂಚು ನೋಡುತ್ತೇನೆ. ಆದರೆ ಮೈದಾನದಲ್ಲಿ ನಾನು ಮುಖ ನೋಡುವವಳಲ್ಲ. ಅಂಗಿಯ ನಂಬರ್ ನೋಡುತ್ತೇನೆ, ಸಂಘದ ಸ್ಕೋರ್ ಪುಸ್ತಕದಲ್ಲಿ ಟಿಕ್ ಹಾಕುತ್ತೇನೆ. ಒಂದು ಭಾನುವಾರ ವಾಡಿಯಲ್ಲಿ ಆಟ ನಡೆದಾಗ ಚಿಂಚೋಳಿಯ ಏಳನೇ ನಂಬರಿನ ಬಸಮ್ಮ ಗೋಲು ಹೊಡೆದು, ಎರಡೂ ಕೈ ಮೇಲೆತ್ತಿ, "ಯಾ ಅಲ್ಲಾ!" ಎಂದು ಕೂಗಿದಳು. ಆಗ ತಲೆ ಎತ್ತಿದೆ. ನಂತರ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನೇ ಅಂಚಿಗೆ ಗೀಚಿದ್ದನ್ನು ಓದಿದೆ. ನಮ್ಮ ಬಸಮ್ಮ ಮೊದಲ ಆಟದಲ್ಲಿ ಗಿಡ್ಡಗಿದ್ದಳು, ಚಿತ್ತಾಪುರದಲ್ಲಿ ಎತ್ತರವಾಗಿದ್ದಳು, ಶಹಾಬಾದಿನಲ್ಲಿ ಚಷ್ಮಾ ಹಾಕಿದ್ದಳು.

ಆಟ ಮುಗಿದು ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೂ ಕೂತಿದ್ದರು. ನಾನೂ ಜಯಶ್ರೀಯೂ ಚಿಂಚೋಳಿಯವರೂ ಸೇಡಂ ಕಡೆಯ ರೈಲಿಗೆ, ಅವತ್ತಿನ 'ಬಸಮ್ಮ' ಶಹಾಬಾದ್ ಕಡೆಯ ರೈಲಿಗೆ. ಆಕೆ ಶಬಾನಾ, ಶಹಾಬಾದಿನ ಟೇಲರ್, ಆ ಊರಿನ ತಂಡದ ಮುಂಚೂಣಿ ಆಟಗಾರ್ತಿ. ಮಂಡಕ್ಕಿ ಸುಸಲಾದ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ನಾನು ಪುಸ್ತಕ ತೆರೆದು ಅವಳ ಮುಂದೆ ಹಿಡಿದೆ.

"ಖೇಲ್ ಖತಮ್!" ಎಂದು ಶಬಾನಾ ಡಬ್ಬಿಯ ಮುಚ್ಚಳ ಹಾಕಿದಳು. "ಅಕ್ಕೋರೆ, ಮುಂಚೆ ತಿಂದು ಬಿಡ್ರಿ, ಆಮ್ಯಾಲ ಬೈರಿ."

ಜಯಶ್ರೀ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡಳು. "ಮನ್ಯಾಗ ಕಾರ್ಯಕ್ಕ ಐದು ಮಂದಿ ಮುತ್ತೈದೇರು ಬೇಕು, ನಾಕೇ ಮಂದಿ ಅದಾರಂದ್ರ ಏನ್ ಮಾಡ್ತೀ? ಕಾರ್ಯ ನಿಲ್ಲಸ್ತೀಯೇನು? ಗ್ವಾಡಿ ಮ್ಯಾಲಿಂದ ಒದರಿ ಬಾಜೂಮನಿಯಾಕಿನ್ನ ಕರೀತಿ. ಇದೂ ಅಷ್ಟೇ ಅದ. ಚಿಂಚೋಳಿಗೆ ಕಮ್ಮಿ ಬಿದ್ರ ಆಟ ಇಲ್ಲದ ಊರಿನಾಕಿ ಹೋಗ್ತಾಳ."

"ಅದು ಪೂಜಾ, ಇದು ಮ್ಯಾಚು" ಎಂದೆ.

"ಐದ್ರಾಗ ನನ್ನ ಹಿಡೀಬ್ಯಾಡ್ರಿ, ನಂದಿನ್ನಾ ನಿಕಾಹ್ ಆಗಿಲ್ಲ" ಎಂದಳು ಶಬಾನಾ. "ಎಂಟ್ರಾಗ ಹಿಡೀರಿ!"

ಪ್ಲಾಟ್‌ಫಾರ್ಮೆಲ್ಲ ನಕ್ಕಿತು. ನಗದಿದ್ದವರು ಅನಸೂಯಕ್ಕ ಒಬ್ಬರೇ. ಸ್ಟಿಕ್ಕಿಗೆ ಸುತ್ತಿದ ಅಂಚನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: "ಮನಿ ಕಾರ್ಯದಾಗ ಐದು ಮಂದಿ ಎಣಸೋ ಮುಂದ ನನ್ನ ಬಿಟ್ಟು ಎಣಸ್ತಾರ್ರಿ ಅಕ್ಕೋರೆ. ನಮ್ಮ ಮನಿಯವ್ರು ಹೋಗಿ ಒಂಬತ್ತು ವರ್ಷ ಆತು. ತಪ್ಪಂತ ಅನ್ನಲ್ರಿ, ಅವರ ಪದ್ಧತಿ. ಇಲ್ಲಿ ಎಂಟು ಎಣಸೋ ಮುಂದ ನನ್ನಿಂದ ಸುರು ಮಾಡ್ತಾರ. ಅದಕ್ಕ ಈ ಆಟ ತಪ್ಪಬಾರ್ದು ಅಂತ ಜರಾ ಆಸಿ ಬಿದ್ದೆ. ತಪ್ಪ ಆಗ್ಯಾದ, ಬರಕೊಳ್ರಿ."

ಇದನ್ನು ಓದಿದವರು ನಾನು ಕರಗಿಹೋದೆ ಎಂದುಕೊಂಡರೆ ನನ್ನನ್ನು ಇನ್ನೂ ಸರಿಯಾಗಿ ಅರಿತಿಲ್ಲ. ಕರಗಿದೆ ನಿಜ, ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದೆ. ಮರುದಿನ ಬೆಳಿಗ್ಗೆ ಎದ್ದು ಸಂಘದ ಮೊಬೈಲ್ ಗ್ರೂಪಿನಲ್ಲಿ ಸೂಚನೆ ಹಾಕಿದೆ: ಒಂದು ಊರಿನ ತಂಡದಲ್ಲಿ ಹೆಸರಿರುವ ಆಟಗಾರ್ತಿ ಇನ್ನೊಂದು ಊರಿನ ಪರವಾಗಿ ಆಡುವಂತಿಲ್ಲ. ಹಿಂದಿನದನ್ನು ಮನ್ನಿಸಲಾಗಿದೆ. 'ಮನ್ನಿಸಲಾಗಿದೆ' ಎಂಬ ಮಾತಿನಲ್ಲಿ ನನ್ನ ಔದಾರ್ಯ ಎಲ್ಲರಿಗೂ ಕಾಣುತ್ತದೆ ಎಂದುಕೊಂಡೆ. ನಾಲ್ವರು ನಾಯಕಿಯರ ಹೆಬ್ಬೆರಳು ಹತ್ತು ನಿಮಿಷದೊಳಗೆ ಬಂದವು. ಅನಸೂಯಕ್ಕನ ಹೆಬ್ಬೆರಳು ಬರಲು ನಾಲ್ಕು ತಾಸು ಹಿಡಿಯಿತು. ಅದನ್ನೂ ಬರೆದಿಟ್ಟೆ. ಬರೆಯುವಾಗ ಕೈ ಒಂದಿಷ್ಟು ನಿಧಾನವಾಯಿತು ಎಂಬುದನ್ನು ಬರೆಯಲಿಲ್ಲ.

ಕೊನೆಯ ಆಟ ಸೇಡಂನಲ್ಲಿ, ನಮ್ಮ ಊರಿಗೂ ಚಿಂಚೋಳಿಗೂ. ಸಮಾರೋಪವೆಂದು ಉಳಿದ ಮೂರು ಊರಿನವರೂ ನೋಡಲು ಬಂದಿದ್ದರು. ಒಂಬತ್ತಕ್ಕೆ ಸೀಟಿ. ಎಂಟೂಮುಕ್ಕಾಲಿಗೆ ಚಿಂಚೋಳಿಯವರನ್ನು ಎಣಿಸಿದೆ. ಏಳು. ಬಸ್ಸಿನಲ್ಲಿ ಯಾರಾದರೂ ಹಿಂದೆ ಉಳಿದಿರಬಹುದೆಂದು ಗೇಟಿನವರೆಗೆ ಹೋಗಿ ಬಂದು ಮತ್ತೆ ಎಣಿಸಿದೆ. ಏಳೇ.

"ಬಸಮ್ಮ ಎಲ್ಲಿ?"

"ಟಂಟಂ ಹತ್ತಿದ್ಲು, ಇಳಿದ್ಲು" ಎಂದರು ಅನಸೂಯಕ್ಕ. "ತಾಂಡೂರಿಂದ ಬೀಗರು ಬಂದಾರಂತ ಫೋನ್ ಬಂತು. ಮಗಳ ಕೊಟ್ಟ ಮನಿ. ಅವರ್ನ ಬಿಟ್ಟು ಹಾಕಿ ಆಡ್ಲಿಕ್ಕ ಹ್ಯಾಂಗ್ ಬರ್ತಾಳ್ರಿ, ಪಾಪ." ಆಮೇಲೆ ಸ್ಟಿಕ್ಕನ್ನು ನೆಲಕ್ಕೂರಿ ನಿಂತು, "ಏಳು ಮಂದಿ ಅದೀವ್ರಿ. ಬರಕೊಳ್ರಿ" ಎಂದರು.

ಗೆರೆಯ ಆಚೆ ಶಬಾನಾ ನಿಂತಿದ್ದಳು. ಸ್ಟಿಕ್ಕು ಬೆನ್ನ ಹಿಂದೆ. ನನ್ನ ಸೂಚನೆಗೆ ಅವರ ನಾಯಕಿ ಹೆಬ್ಬೆರಳು ಒತ್ತಿದ್ದರಿಂದ ಏನೂ ಹೇಳುವಂತಿರಲಿಲ್ಲ. ಆದರೆ ಮುಂದಿಟ್ಟ ಕಾಲು ಹಿಂದೆ ತೆಗೆಯಲು ಮರೆತಿದ್ದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ನಿಯಮದ ಪ್ರತಿ ನನ್ನ ಚೀಲದಲ್ಲೇ ಇತ್ತು, ತೋರಿಸಬಹುದಿತ್ತು. ಐದೂ ಊರಿನ ಹೆಂಗಸರು ಸುಮ್ಮನೆ ನನ್ನ ಪೆನ್ನನ್ನು ನೋಡುತ್ತಿದ್ದರು. ನಾನು ಆ ಹಂಗಾಮಿನಲ್ಲಿ ಮೊದಲ ಸಲ ನಂಬರ್ ಬಿಟ್ಟು ಮುಖಗಳನ್ನು ಒಂದೊಂದಾಗಿ ನೋಡಿದೆ. ಏಳು ಮುಖ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು ಬಂದ ಏಳು ಮುಖ.

ಪುಸ್ತಕ ತೆರೆದೆ. ಸದಸ್ಯರ ಪಟ್ಟಿಯ ಮೊದಲನೆಯ ಹೆಸರು ನನ್ನದೇ, ಪದ್ಮಜಾ, ಕಾರ್ಯದರ್ಶಿ. ಊರಿನ ಕಾಲಂ ಖಾಲಿ, ಏಕೆಂದರೆ ನಾನು ಯಾವ ಊರಿನ ಆಟಗಾರ್ತಿಯೂ ಅಲ್ಲ, ಆಟಗಾರ್ತಿಯೇ ಅಲ್ಲ. ನನ್ನ ಸೂಚನೆ ತಡೆಯುವುದು ತಂಡದಲ್ಲಿ ಹೆಸರಿರುವವರನ್ನು. ನಾನೇ ಬರೆದ ನಿಯಮದಲ್ಲಿ ಒಬ್ಬರು ತೂರುವಷ್ಟು ಸಂದಿ ಇದ್ದದ್ದು ನನಗೆ ಅವತ್ತೇ ಗೊತ್ತಾಯಿತು. ಎಂಟು ಐವತ್ತಾರಕ್ಕೆ ಖಾಲಿ ಕಾಲಂನಲ್ಲಿ 'ಚಿಂಚೋಳಿ' ಎಂದು ಬರೆದೆ.

"ಇದು ನಡೀತದೇನು?" ಎಂದರು ಸೀಟಿ ಹಿಡಿದ ಸರ್. ಜಯಶ್ರೀ ನಮ್ಮೂರ ತಂಡದ ನಾಯಕಿ, ತಕರಾರು ತೆಗೆಯುವ ಹಕ್ಕು ಆಕೆಯದು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನಮ್ಮದೇನೂ ತಕರಾರಿಲ್ರಿ. ಈಕಿ ಅವರ ಕಡಿ ಆಡಿದ್ರ ನಮಗ ಭಾಳ ಛಲೋನೇ ಆತು" ಎಂದಳು.

"ಓಡೋದು ನಿಮ್ಮ ಕಡಿಂದ ಆಗಲ್ರಿ, ಗೋಲ್‌ದಾಗ ನಿಂದ್ರಿ. ನಮ್ಮ ಕೀಪರ್ ಮುಂದ ಆಡ್ತಾಳ" ಎಂದು ಅನಸೂಯಕ್ಕ ತಾವೇ ಮಂಡಿ ಊರಿ ಕೂತು ನನ್ನ ಕಾಲಿಗೆ ಪ್ಯಾಡ್ ಕಟ್ಟಿದರು. ಬಗ್ಗಿದ ತಲೆ ಎತ್ತಲೇ ಇಲ್ಲ. ಕಟ್ಟಿದ್ದು ಮುಗಿದ ಮೇಲೂ ಒಂದು ಗಳಿಗೆ ಕೈ ಅಲ್ಲೇ ಇತ್ತು.

ಪುಸ್ತಕ ಶಬಾನಾಗೆ ಕೊಟ್ಟು ಹೋದೆ. ಪ್ಯಾಡ್ ಕಟ್ಟಿಕೊಂಡು ನಡೆಯುವುದು ಎರಡು ಹಾಸಿಗೆ ಸುರುಳಿಗಳ ನಡುವೆ ನಡೆದಂತೆ. ಚೆಂಡು ಸ್ಕೋರ್ ಪುಸ್ತಕದಲ್ಲಿ ಒಂದು ಚುಕ್ಕೆ. ಎದುರಿನಿಂದ ಬರುವಾಗ ಹಾಗಿರುವುದಿಲ್ಲ. ಮೊದಲ ಗೋಲು ಆದಾಗ ನಾನು ಎಡಕ್ಕೆ ಹೋಗಿದ್ದೆ, ಚೆಂಡು ಬಲಕ್ಕೆ. ಎರಡನೆಯದಕ್ಕೆ ಬುದ್ಧಿವಂತಿಕೆಯಿಂದ ಬಲಕ್ಕೆ ಹೋದೆ. "ಪದ್ದಿ, ಕಣ್ಣು ತೆಗೀ!" ಎಂದು ಜಯಶ್ರೀ ಕೂಗಿದಳು, ಕೂಗುತ್ತಲೇ ಮೂರನೆಯದನ್ನು ಹೊಡೆದಳು. ನಾನು ಒಂದನ್ನು ತಡೆದೆ. ಎಷ್ಟು ನಿಮಿಷ ಉಳಿದಿದೆ ಎಂದು ಗಡಿಯಾರ ನೋಡಲು ತಿರುಗಿದ್ದೆ, ಚೆಂಡು ಬಂದು ಸೊಂಟಕ್ಕೆ ಬಡಿದು ಹೊರಗೆ ಹೋಯಿತು. ಐದೂ ಊರು ಚಪ್ಪಾಳೆ ತಟ್ಟಿತು. ಆಟ ಮುಗಿಯುವ ಮೊದಲು ಅನಸೂಯಕ್ಕ ಎಡಗಡೆಯಿಂದ ಒಬ್ಬರೇ ಓಡಿಹೋಗಿ ಒಂದು ಗೋಲು ಹೊಡೆದರು. ಆರು–ಒಂದು. "ಆತು ಬಿಡ್ರಿ" ಎಂದರು. ದನಿಯಲ್ಲಿ ವ್ಯತ್ಯಾಸವಿತ್ತು.

ಶಬಾನಾ ಬರೆದ ಹಾಳೆಯಲ್ಲಿ ಸಮಯಗಳಿಲ್ಲ, ಗೋಲು ಹೊಡೆದವರ ನಂಬರುಗಳಿಲ್ಲ. 'ಚಿಂಚೋಳಿ, ಎಂಟು ಮಂದಿ' ಎಂದು ಇಡೀ ಹಾಳೆಗೆ ಅಡ್ಡಲಾಗಿ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಅದನ್ನು ಸರಿಪಡಿಸಲು ಹೋಗಲಿಲ್ಲ. ನಿಯಮವನ್ನು ಮಾತ್ರ ಸರಿಪಡಿಸಿದೆ. ಮುಂದಿನ ವರ್ಷದಿಂದ ಕಡಿಮೆ ಬಿದ್ದ ಊರು ಬೇರೆ ಊರಿನಿಂದ ಒಬ್ಬಳನ್ನು ಕರೆದುಕೊಳ್ಳಬಹುದು, ಆಕೆ ತನ್ನ ಸ್ವಂತ ಹೆಸರಿನಲ್ಲೇ ಆಡಬೇಕು. ಈ ಸಲ ಚಹಾ ಬರುವ ಮೊದಲೇ ಓದಿದೆ. ಎಲ್ಲರೂ ಕೇಳಿಸಿಕೊಂಡೇ "ಹ್ಞೂಂರಿ" ಎಂದರು.

ಮೊನ್ನೆ ಅನಸೂಯಕ್ಕನ ಫೋನ್ ಬಂದಿತ್ತು. ಬಸಮ್ಮ ಈ ವರ್ಷ ಬೀಗರಿಗೇ ಆಟ ನೋಡಲು ಬರಹೇಳಿದ್ದಾಳಂತೆ. ಅದೂ ಇದೂ ಮಾತಾಡಿ ಕೊನೆಗೆ, "ಅಕ್ಕೋರೆ, ಹ್ವಾದ ವರ್ಷದಂಗ ಕಮ್ಮಿ ಬಿದ್ರ ಮತ್ತ ಬರ್ತೀರೇನ್ರಿ?" ಎಂದು ಕೇಳಿದರು. "ಬರ್ತೀನ್ರಿ ಅಕ್ಕಾ, ಖರೇನೇ ಬರ್ತೀನಿ" ಎಂದೆ.

ಆ ಕಡೆ ಯಾರೋ ಪಕ್ಕದಲ್ಲಿ ಅವರಿಗೆ ಏನನ್ನೋ ಪಿಸುಗುಟ್ಟುತ್ತಿದ್ದರು.

"ಹಂಗಂದ್ರ ಬೇಸಾತ್ರಿ" ಎಂದರು ಅನಸೂಯಕ್ಕ, ಬಹಳ ಮರ್ಯಾದೆಯಿಂದ. "ಆದ್ರ ಗೋಲ್‌ದಾಗ ಬ್ಯಾಡ್ರಿ. ಎಲ್ಲಿ ಚೆಂಡು ಬರಂಗಿಲ್ಲೋ ಅಲ್ಲಿ ಒಂದು ಛಲೋ ಜಾಗಾ ನೋಡಿ ಇಟ್ಟೀವಿ."