ಮಾವನಿಗೆ ಸೀತಾಫಲದ ಐಸ್‌ಕ್ರೀಮ್

ವಾಡಿ ಜಂಕ್ಷನ್ನಿನ ಪಾರ್ಸೆಲ್ ಗುಮಾಸ್ತ ಅಂಬಾರಾಯನ ತಲೆಗೆ ಇಲ್ಲದ ಬುದ್ಧಿ ಹೊಕ್ಕಿದ್ದು ಒಂದು ಬರ್ಫದ ಗಡ್ಡೆಯಿಂದ. ಮುಂಜಾನೆಯ ಗಾಡಿಯಿಂದ ಸ್ಟೇಷನ್ನಿನ ಊಟದ ಕೋಣೆಗೆಂದು ಬರ್ಫ ಇಳಿಸುವಾಗ ಹಮಾಲನ ಕೈ ಜಾರಿ ಗಡ್ಡೆ ಎರಡು ಹೋಳಾಯಿತು. ದೊಡ್ಡ ಹೋಳು ಹೋಗಬೇಕಾದಲ್ಲಿಗೆ ಹೋಯಿತು. ಸಣ್ಣದನ್ನು ಅಲ್ಲಿಯ ಅಡುಗೆಯವನಾದ ಖಾಜಾ ಕಟ್ಟಿಗೆಪುಡಿಯಲ್ಲಿ ಹೊರಳಿಸಿ, ಗೋಣಿಚೀಲದಲ್ಲಿ ಸುತ್ತಿ, ಅಂಬಾರಾಯನ ಮೇಜಿನ ಕೆಳಗೆ ನೂಕಿದ.

"ಒಯ್ರಿ ಬಾಬು. ಇವತ್ತು ನಿಮ್ಮ ಮಾವ ಬರ್ಲಿಕತ್ತಾರಂತಲ್ಲ. ಸೀತಾಫಲ ಹಾಕಿ ಐಸ್‌ಕ್ರೀಮ್ ಮಾಡಿ ತಿನಸ್ರಿ. ಜಲ್ಮದಾಗ ಮರೀಬಾರ್ದು ಅವರು."

ಮಾವ ಬರುವ ಸುದ್ದಿ ಖಾಜಾನಿಗೆ ಹೇಗೆ ತಿಳಿಯಿತು ಎಂದು ಅಂಬಾರಾಯ ಕೇಳಲಿಲ್ಲ. ವಾಡಿಯಲ್ಲಿ ಸುದ್ದಿಗೆ ಟಿಕೀಟು ಬೇಕಾಗುವುದಿಲ್ಲ. ಅಂಬಾರಾಯನ ಹೆಂಡತಿ ಗುರುದೇವಿ ನಾಗರ ಪಂಚಮಿಗೆಂದು ತವರೂರಾದ ಭಂಕೂರಕ್ಕೆ ಹೋದವಳು ದಸರೆ ಮುಗಿದರೂ ಬಂದಿರಲಿಲ್ಲ. ಮಾವ ಕಲ್ಯಾಣಪ್ಪನವರು ನೆಲಕ್ಕೆ ಹಾಸುವ ಫರ್ಸಿಕಲ್ಲಿನ ವ್ಯಾಪಾರಿಗಳು, ತೂಕದ ಮನುಷ್ಯರು. ಕಲ್ಲಿನ ಬಂಡಿಯವನೊಬ್ಬನ ಕೈಯಲ್ಲಿ ಅವರು ಹೇಳಿ ಕಳಿಸಿದ್ದು ಇಷ್ಟೇ: "ಅಳಿಯಂದ್ರ ಮನಿ ಪರಿಸ್ಥಿತಿ ಹೆಂಗದ ಅಂತ ನಾನೇ ಬಂದು ನೋಡ್ತೀನಿ. ನೋಡಿ ಮಗಳ ವಿಚಾರ ಮಾಡ್ತೀನಿ."

ಈ ಮಾತು ಕೇಳಿದಂದಿನಿಂದ ಅಂಬಾರಾಯನಿಗೆ ನಿದ್ದೆ ಇರಲಿಲ್ಲ. ಮನೆಯ ಪರಿಸ್ಥಿತಿ ನೋಡುವಂತಿದ್ದರೆ ತಾನೆ ತೋರಿಸುವುದು? ಅವನು ಬಡಿದ ರೊಟ್ಟಿಯನ್ನು ನಾಯಿ ಮೂಸಿ ಬಿಟ್ಟುಹೋಗಿತ್ತು. ಸ್ಟೇಷನ್ನಿನ ಭಜಿ, ಚಹಾದ ಮೇಲೆಯೇ ಜೀವ ಹಿಡಿದಿದ್ದ. ಮನೆಯ ಬೆಕ್ಕು ಕೂಡ ಪಕ್ಕದ ಮನೆಗೆ ಬಿಡಾರ ಬದಲಿಸಿತ್ತು. ಇದೆಲ್ಲಕ್ಕಿಂತ ಹೆಚ್ಚಾಗಿ, ಅವಳಿಲ್ಲದ ಮನೆಯ ಬೀಗ ತೆಗೆಯಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಡ್ಯೂಟಿ ಮುಗಿದ ಮೇಲೂ ಬಂದ ಪಾರ್ಸೆಲ್ಲುಗಳನ್ನೇ ತಿರುಗಾ ಮುರುಗಾ ಎಣಿಸುತ್ತ ಕೂರುತ್ತಿದ್ದ. ಆದರೆ ಹೆಂಡತಿ ನೆನಪಾಗುತ್ತಾಳೆ ಎಂದು ಬಾಯಿಬಿಟ್ಟು ಹೇಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಈ ಹಾಳು ಸಂಸಾರ ಕಂಡರೆ ಮಾವ ಮಗಳನ್ನು ಖಂಡಿತ ಕಳಿಸುವುದಿಲ್ಲ. ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ ಎಂದು ತೋರಿಸಲೇಬೇಕು. ಭಂಕೂರದವರು ಕಂಡು ಕೇಳರಿಯದ ಐಸ್‌ಕ್ರೀಮಿಗಿಂತ ದೊಡ್ಡ ಸಾಕ್ಷಿ ಯಾವುದಿದೆ? ಹೀಗೆ ಲೆಕ್ಕ ಹಾಕಿ ಅಂಬಾರಾಯ ಅರ್ಧ ದಿನದ ರಜೆ ಬರೆದುಕೊಟ್ಟ. ಖಾಜಾ ಮಾಡುವ ಬಗೆಯನ್ನು ಪಾಠ ಒಪ್ಪಿಸಿದಂತೆ ಹೇಳಿ, ಕೊನೆಗೆ ಎಚ್ಚರಿಸಿದ: "ಸಕ್ರಿ ಡಬ್ಬಿ ಒಳಗ, ಉಪ್ಪು ಡಬ್ಬಿ ಹೊರಗ. ಇದೊಂದು ತಪ್ಪಬ್ಯಾಡ್ರಿ."

ಗೋಣಿಚೀಲ ಹೊತ್ತು ಓಣಿಗೆ ಬಂದಾಗ ಅದರ ನೀರಿನ ಜಾಡು ಹಿಡಿದು ಅರ್ಧ ಓಣಿ ಹಿಂದೆ ಬಂತು. ಪಕ್ಕದ ಮನೆಯ ಮುದುಕಿ ಮಹಾದೇವಮ್ಮ ಕಟ್ಟೆಯ ಮೇಲಿಂದಲೇ ಕೇಳಿದಳು.

"ಅಂಬಾರಾಯಾ, ಆ ಚೀಲ ಯಾಕ ಅಳ್ಲಿಕತ್ತದ?"

"ಬರ್ಫ ಅದ ಆಯಿ. ಮಾವಾರ ಸಲುವಾಗಿ ಐಸ್‌ಕ್ರೀಮ್ ಮಾಡ್ಲಿಕತ್ತೀನಿ."

"ಹಂಗಾದ್ರ ನನ್ನ ಮೊಣಕಾಲಿಗೆ ಒಂದೀಟು ಕೊಡಪ್ಪ. ಉರದು ಬೀಳ್ಲಿಕತ್ತದ."

ಕೊಟ್ಟ. ಎದುರು ಮನೆಯ ಪಾಯಿಂಟ್ಸ್‌ಮನ್ ಭೀಮಶಾ ಹಲ್ಲುನೋವೆಂದ. ಅವನಿಗೂ ಕೊಟ್ಟ. ಆಮೇಲೆ ಒಬ್ಬರ ಕಣ್ಣುರಿ, ಒಬ್ಬರ ಕೂಸಿನ ಜ್ವರ, ಒಬ್ಬರಿಗೆ ಏನೂ ಇಲ್ಲ, ಸುಮ್ಮನೆ ಮುಟ್ಟಿ ನೋಡುವ ಆಸೆ. ಆ ಮುಂಜಾನೆ ತನಕ ಗಟ್ಟಿಮುಟ್ಟಾಗಿದ್ದ ನಮ್ಮ ಓಣಿ ಬರ್ಫ ಕಂಡ ಕೂಡಲೇ ಸರ್ಕಾರಿ ದವಾಖಾನೆಯಾಯಿತು. ಇಲ್ಲ ಎನ್ನಲು ಅಂಬಾರಾಯನಿಗೆ ಬಾಯಿ ಬರಲಿಲ್ಲ. ಮನೆಯೊಳಗೆ ಕಾಲಿಡುವ ಹೊತ್ತಿಗೆ ಗಡ್ಡೆ ಅರ್ಧಕ್ಕೆ ಇಳಿದಿತ್ತು.

ಉಪಕಾರ ಮಾಡಿಸಿಕೊಂಡವರು ಸುಮ್ಮನಿರುತ್ತಾರೆಯೇ? ಸಹಾಯಕ್ಕೆ ಬಂದರು. ಮಹಾದೇವಮ್ಮ ಹಾಲು ಕಾಯಿಸಿ ಆರಲು ಇಟ್ಟು ಸೀತಾಫಲ ಬಿಡಿಸಲು ಕುಳಿತಳು. ಭೀಮಶಾ ತನ್ನ ಪಾಲಿನ ಹಣ್ಣನ್ನು ಬಾಯಿಗೆ ಹಾಕಿಕೊಂಡು ಬೀಜ ಉಗುಳತೊಡಗಿದ.

"ಭೀಮಶಾ, ಏನ್ ಮಾಡ್ಲಿಕತ್ತೀಯೋ?"

"ಬೀಜ ತಗೀಲಿಕತ್ತೀನ್ರಿ ಬಾಬು. ಹಿಂಗ ಜಲ್ದಿ ಆಗ್ತದ."

"ತಿರುಳು?"

ಆ ಕಡೆ ಭೀಮಶಾನ ಗಮನ ಹೋಗಿರಲಿಲ್ಲ. ಅವನನ್ನು ಹಣ್ಣಿನಿಂದ ಎಬ್ಬಿಸಿ ಬರ್ಫ ಕುಟ್ಟಲು ಹಚ್ಚಬೇಕಾಯಿತು.

ಹಾಲು, ಸಕ್ಕರೆ, ತಿರುಳು ಕಲಸಿ ಹಿತ್ತಾಳೆಯ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಡಬ್ಬಿಯನ್ನು ದೊಡ್ಡ ಬಕೀಟಿನಲ್ಲಿ ನಿಲ್ಲಿಸಿದರು. ಸುತ್ತಲೂ ಬರ್ಫ. ಅಂಬಾರಾಯ ಉಪ್ಪು ಸುರಿಯತೊಡಗಿದಾಗ ಮಹಾದೇವಮ್ಮ ಅವನ ಕೈ ಹಿಡಿದಳು.

"ಸಿಹಿ ಮಾಡೋ ಮುಂದ ಇಷ್ಟು ಉಪ್ಪು ಎದಕ್ಕೋ?"

"ಉಪ್ಪು ಬರ್ಫಕ್ಕ ಆಯಿ."

"ಯಾಕ, ಬರ್ಫಕ್ಕ ಸಪ್ಪಗ ಹತ್ತದೇನು?"

ಡಬ್ಬಿ ತಿರುಗಿಸುವ ಕೆಲಸ ಭೀಮಶಾನ ಪಾಲಿಗೆ ಬಂತು. ಹಳಿ ಬದಲಿಸುವ ಕಬ್ಬಿಣದ ಹಿಡಿಕೆಯನ್ನು ವರ್ಷಗಟ್ಟಲೆ ಜಗ್ಗಿದ ಕೈ. ಡಬ್ಬಿಯನ್ನೂ ಅವನು ಗೂಡ್ಸ್ ಗಾಡಿಯನ್ನು ಪಕ್ಕದ ಲೈನಿಗೆ ಕಳಿಸುವ ಜೋರಿನಲ್ಲೇ ಜಗ್ಗಿದ. ಮುಚ್ಚಳ ಹಾರಿತು, ಮತ್ತೆ ಹಾಕಿದರು. ಅಷ್ಟರಲ್ಲಿ ಓಣಿಯವರು ಒಬ್ಬೊಬ್ಬರಾಗಿ ಬಂದು, "ಗಟ್ಟಿ ಆತೇನು?" ಎಂದು ಮುಚ್ಚಳ ತೆಗೆದು ಇಣುಕಿ ಹೋದರು. ಮುಚ್ಚಿಟ್ಟಿದ್ದನ್ನು ನೋಡದೆ ಬಿಡುವ ಅಭ್ಯಾಸ ನಮ್ಮ ಓಣಿಗಿಲ್ಲ. ಪ್ರತಿ ಇಣುಕಿಗೂ ಬಕೀಟಿನ ಒಂದಿಷ್ಟು ಉಪ್ಪುನೀರು ಡಬ್ಬಿಯೊಳಗೆ ಇಳಿದದ್ದನ್ನು ಯಾರೂ ನೋಡಲಿಲ್ಲ.

ಅಂತೂ ಸಂಜೆಯ ಹೊತ್ತಿಗೆ ಡಬ್ಬಿಯೊಳಗೆ ಬೆಣ್ಣೆಯ ಬಣ್ಣದ, ಗಂಜಿಗಿಂತ ಗಟ್ಟಿಯಾದ ಏನೋ ಒಂದು ಆಗಿತ್ತು. ಅಂಬಾರಾಯನ ಕಣ್ಣಲ್ಲಿ ನೀರೇ ಬಂತು. ಒಂದು ಚೂರು ನಾಲಗೆಗೆ ಹಚ್ಚಿ ನೋಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಲ್ಯಾಣಪ್ಪನವರು ಲಿಂಗಕ್ಕೆ ತೋರಿಸದೆ ನೀರನ್ನೂ ಕುಡಿಯದವರು. ಅರ್ಪಿಸಬೇಕಾದದ್ದನ್ನು ಮೊದಲೇ ರುಚಿ ನೋಡಿ ಎಂಜಲು ಮಾಡುವುದುಂಟೆ? ಭೀಮಶಾ ಚಾಚಿದ ಬೆರಳನ್ನೂ ಅಂಬಾರಾಯ ಹೊಡೆದು ಹಿಂದೆ ಸರಿಸಿದ.

ಬಂಡಿ ಬಂತು. ಕಲ್ಯಾಣಪ್ಪನವರ ಹಿಂದೆ ಗುರುದೇವಿ ಇಳಿದಳು. ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ತಲೆ ಬಗ್ಗಿಸಿದಳು. ಅವಳನ್ನು ಕಂಡು ಅಂಬಾರಾಯನ ಜೀವ ಹಸಿರಾಯಿತು, ಆದರೆ ಬಾಯಿಂದ ಬಂದದ್ದು "ಬರ್ರಿ ಮಾವಾರ, ಕುಂದ್ರಿ" ಎಂಬುದಷ್ಟೇ.

ಮಾವ ಕೈಕಾಲು ತೊಳೆದು, ವಿಭೂತಿ ಧರಿಸಿ, ಪೂಜೆಗೆ ಕುಳಿತರು. "ಏನ್ ಮಾಡೀರಿ, ಎಲ್ಲಾ ತರ್ರಿ" ಎಂದರು. ಅಂಬಾರಾಯ ಹೆಮ್ಮೆಯಿಂದ ಇಡೀ ಡಬ್ಬಿಯನ್ನೇ ತಂದು ಎದುರಿಗಿಟ್ಟ. ಅಂಗೈ ಮೇಲಿನ ಲಿಂಗಕ್ಕೆ ಅದನ್ನು ತೋರಿಸಿ ಕಲ್ಯಾಣಪ್ಪನವರು ಕಣ್ಣು ಮುಚ್ಚಿದರು. ಅಲ್ಲಿಗೆ ಡಬ್ಬಿಯಲ್ಲಿದ್ದದ್ದಷ್ಟೂ ಪ್ರಸಾದವಾಯಿತು. ಗುರುದೇವಿ ಎಲ್ಲರಿಗೂ ಬಟ್ಟಲಲ್ಲಿ ಹಾಕಿಕೊಟ್ಟಳು. ಕಟ್ಟೆಯ ಮೇಲೆ ಕಾದು ಕುಳಿತ ಓಣಿಗೂ ಸಿಕ್ಕಿತು.

ಮಾವ ಮೊದಲ ತುತ್ತು ಬಾಯಿಗಿಟ್ಟರು. ಮೀಸೆ ನಿಂತಲ್ಲೇ ನಿಂತಿತು. ಅಂಬಾರಾಯನೂ ಬಾಯಿಗಿಟ್ಟ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದವನು ಆ ಐಸ್‌ಕ್ರೀಮ್ ತಿಂದಿರಲಿಲ್ಲ. ಮಾವಿನಕಾಯಿಯ ಉಪ್ಪಿನಕಾಯಿ ಭರಣಿಯ ತಳದಲ್ಲಿ ಸೀತಾಫಲ ಅದ್ದಿದ ಹಾಗಿತ್ತು.

ಆದರೆ ಪ್ರಸಾದಕ್ಕೆ ಉಪ್ಪು ಹೆಚ್ಚು, ಸಿಹಿ ಕಡಿಮೆ ಎಂದು ಹೆಸರಿಡುವುದು ನಮ್ಮಲ್ಲಿಲ್ಲ. ಬಟ್ಟಲಲ್ಲಿ ಬಿಡುವುದಂತೂ ಇಲ್ಲವೇ ಇಲ್ಲ. ಕಲ್ಯಾಣಪ್ಪನವರು ಒಂದೊಂದೇ ತುತ್ತು ನುಂಗಿದರು. ಕಣ್ಣಲ್ಲಿ ನೀರಾಡಿತು. ಬಟ್ಟಲು ಬರಿದು ಮಾಡಿ, ನೀರು ಹಾಕಿ ತೊಳೆದು, ಅದನ್ನೂ ಕುಡಿದರು.

"ಭಾಳ ತಂಪದ" ಎಂದರು. ಅದು ಸುಳ್ಳಲ್ಲ.

ಡಬ್ಬಿಯಲ್ಲಿ ಇನ್ನೂ ಇತ್ತು. ಪ್ರಸಾದ ಚೆಲ್ಲುವಂತಿಲ್ಲ. ಮಹಾದೇವಮ್ಮ ಭೀಮಶಾನಿಗೆ ಎರಡನೆಯ ಬಟ್ಟಲು ಹಾಕಿಸಿದಳು, ಭೀಮಶಾ ಸೇಡಿಗೆ ಅವಳಿಗೂ ಹಾಕಿಸಿದ. ಹೀಗೆ ಭಕ್ತಿಯಿಂದ ಡಬ್ಬಿ ಖಾಲಿಯಾಯಿತು. ಮುಂಜಾನೆಯ ಬರ್ಫದ ಋಣ ಮಹಾದೇವಮ್ಮನ ನೆನಪಿನಲ್ಲಿತ್ತು. ಗಂಟಲು ಸರಿ ಮಾಡಿಕೊಂಡು ಹೇಳಿದಳು:

"ನಿಮ್ಮ ಅಳಿಯಗ ಯಾತರದೂ ಕೊರತಿಲ್ರಿ ಯಜಮಾನ್ರ. ರೊಟ್ಟಿ ತಾನೇ ಬಡೀತಾನ, ಭಾಂಡೆ ತಾನೇ ತಿಕ್ತಾನ. ಒಂದಿನಾನೂ ನಾವು ಪಲ್ಯ ಕೊಟ್ಟವರಲ್ಲ."

ಕೊನೆಯ ಮಾತು ಮಾತ್ರ ಖರೆ. ಭೀಮಶಾನೂ ದನಿಗೂಡಿಸಿದ: "ದಿನಾ ಹಿಂಗ ಏನಾರ ಒಂದು ಮಾಡ್ಕೊಂಡು ತಿಂತಾರ್ರಿ."

ಕಲ್ಯಾಣಪ್ಪನವರು ನಿಟ್ಟುಸಿರು ಬಿಟ್ಟು ಗೋಡೆಗೆ ಒರಗಿದರು.

"ನಾ ಬ್ಯಾರೇನೇ ಕೇಳಿದ್ದೆ ಅಳಿಯಂದ್ರ. ನೀವು ಉಪಾಸ ಬಿದ್ದು ಸೊರಗೀರಿ ಅಂತ. ಇಕಿನೂ 'ಕಳಸಪ್ಪ, ಕಳಸು' ಅಂತ ಜೀವ ತಿಂದ್ಲು. ಅದಕ್ಕೇ ಇಕಿ ಪೆಟಗಿ, ಜ್ವಾಳದ ಹಿಟ್ಟು ಎಲ್ಲಾ ಬಂಡ್ಯಾಗ ಹಾಕ್ಕೊಂಡೇ ಬಂದೆ, ಬಿಟ್ಟು ಹೋದ್ರಾತು ಅಂತ. ಇಲ್ಲಿ ನೋಡಿದ್ರ ನಮ್ಮ ಮನ್ಯಾಗೂ ಇಲ್ಲದ ವೈಭವ. ಇವರವ್ವಗ ಸೊಂಟ ಹಿಡದದ, ಮನ್ಯಾಗ ಒಂದು ಕೈ ಬೇಕೇ ಬೇಕು. ನಿಮಗ ಅಡಚಣಿ ಇಲ್ಲಂದ ಮ್ಯಾಲ ಸಂಕ್ರಾಂತಿ ತನಕ ಇಕಿ ನಮ್ಮಲ್ಲೇ ಇರ್ಲಿ."

ಅಂಬಾರಾಯನ ಕೈಕಾಲು ಆ ಡಬ್ಬಿಗಿಂತ ತಣ್ಣಗಾದವು. ಅಡುಗೆ ಬರುವುದಿಲ್ಲ, ಉಪ್ಪು ಯಾವುದು ಸಕ್ಕರೆ ಯಾವುದು ಗೊತ್ತಿಲ್ಲ ಎಂದು ಹೇಳಿಬಿಡಬೇಕು. ಹೇಳಿದರೆ ಪ್ರಸಾದಕ್ಕೆ ಹೆಸರಿಟ್ಟಂತೆ.

"ಮಾವಾರ, ಅದು..."

"ಹೇಳ್ರಿ."

"ಇನ್ನೊಂದೀಟು ನೀರು ಕುಡೀತೀರೇನು?"

"ಕೊಡ್ರಿ" ಎಂದರು ಮಾವ ತಕ್ಷಣ. ಇಡೀ ಚೊಂಬು ಎತ್ತಿ ಕುಡಿದು, ಬಂಡಿ ಹೂಡಲು ಹೇಳಿ ಹೊರಗೆ ನಡೆದರು.

ಬಟ್ಟಲು ಇಡಲು ಅಡುಗೆಮನೆಗೆ ಬಂದ ಗುರುದೇವಿಯ ಹಿಂದೆ ಅಂಬಾರಾಯ ಓಡಿದ.

"ಉಪ್ಪಾಗಿತ್ತು, ಗೊತ್ತಾಗಲಿಲ್ಲೇನು ನಿನಗ?"

"ಬಾಯಾಗಿಟ್ಟ ಕೂಡ್ಲೇ ಗೊತ್ತಾತು. ನಾ ಇಲ್ದೇ ನಿಮಗ ನಡ್ಯಂಗಿಲ್ಲ ಅಂತ ಎಷ್ಟು ಖುಷಿ ಆತು ನನಗ."

"ಮತ್ತ ನಿಮ್ಮಪ್ಪಗ ಹೇಳಬಾರದಿತ್ತೇನು?"

"ಪ್ರಸಾದಕ್ಕ ನಾ ಹೆಸರಿಡ್ಲೇನು?" ಅವಳು ಸೆರಗು ಸರಿ ಮಾಡಿಕೊಂಡಳು. "ಉಪ್ಪಿನ ಮಾತು ಬಿಡ್ರಿ. ನೀವು ಒಂದ್ಸಲ 'ಇರು' ಅನ್ನಬಹುದಿತ್ತಲ್ಲ. ಅದಕ್ಕ ಯಾವ ಪ್ರಸಾದ ಅಡ್ಡ ಬಂದಿತ್ತು?"

ಅಷ್ಟರಲ್ಲಿ ಹೊರಗಿನಿಂದ ಮಾವ ಕೂಗಿದರು. ಅವಳು ಹೋದಳು. ಬಂಡಿ ಓಣಿ ದಾಟಿ, ರೈಲು ಗೇಟು ದಾಟಿ, ಭಂಕೂರದ ಕಡೆಗಿನ ಶಹಾಬಾದದ ರಸ್ತೆ ಹಿಡಿಯಿತು. ಬಾಗಿಲಲ್ಲಿ ನಿಂತ ಅಂಬಾರಾಯನ ಗಂಟಲಿನಿಂದ ಆಗ, ಆ ಉಪ್ಪನ್ನೆಲ್ಲ ದಾಟಿಕೊಂಡು, ಮಾತು ಹೊರಗೆ ಬಂತು.

"ಇರು" ಎಂದ.

"ಇರ್ತೀನಿ ಬಿಡಪ್ಪ, ನಾ ಎಲ್ಲಿಗೆ ಹೋಗ್ಲಿ" ಎಂದಳು ಮಹಾದೇವಮ್ಮ ಅವನ ಕಟ್ಟೆಯ ಮೇಲೆ ಕಾಲು ಚಾಚುತ್ತ. "ಬಾಯಿ ಕೆಟ್ಟು ಹೋಗ್ಯದ. ಒಂದೀಟು ಚಹಾ ಇಡು."