ಟೀವಿಯೊಳಗಿನ ಹೆಣವೂ ನಮ್ಮ ಶನಿವಾರದ ಭಜನೆಯೂ

ಮೊದಲು ನಮ್ಮ ಬೀದಿ ಕಾಯುವ ಹನುಮಪ್ಪನಿಗೆ ಶರಣು. ಕೂಗಿದರೂ ಕೂಗದಿದ್ದರೂ ಓಗೊಡುವ ಕೊಟ್ಟೂರ ಗುರುವಿಗೆ ಶರಣು. ನಾಲಿಗೆಯ ಮೇಲೆ ಸಿಟ್ಟು ಕೂತಿದ್ದರೂ ಸುಳ್ಳು ಕೂರದಿರಲಿ ಎಂದು ಬೇಡಿಕೊಂಡು ಶುರು ಮಾಡುತ್ತೇನೆ.

ದೇವರ ಸೇವೆಗೆ ನಿಂತವನಿಗೆ ಎಡವಟ್ಟು ತಪ್ಪಿದ್ದಲ್ಲ. ದೀಪ ಹಚ್ಚಿದರೆ ಗಾಳಿ, ಕಾಯಿ ಒಡೆದರೆ ಕೊಳೆತದ್ದು, ಹಾಡಲು ಕೂತರೆ ಕೆಮ್ಮು. ಅವನ್ನೆಲ್ಲ ಸಹಿಸಿದ್ದೇನೆ. ಆದರೆ ಟೀವಿ ಹೊಸದಾಗಿ ಬಂದ ಕಾಲದಲ್ಲಿ ಅದರೊಳಗೊಂದು ಕೊಲೆ ಧಾರಾವಾಹಿ ಶುರುವಾಯಿತಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಕೈಯ ಜಪಮಣಿ ಎರಡೆರಡು ಒಮ್ಮೆಗೇ ಸರಿಯುತ್ತವೆ.

ನನ್ನದು ಕೊಟ್ಟೂರಿನಲ್ಲಿ ಕಾಯಿ-ಕರ್ಪೂರದ ಅಂಗಡಿ. ಶನಿವಾರ ಹೊತ್ತು ಮುಳುಗಿದ ಮೇಲೆ ಹನುಮಪ್ಪನ ಗುಡಿಯಲ್ಲಿ ದಮ್ಮಡಿ ಬಡಿದು ಭಜನೆ ನಡೆಸುವುದು ಅಪ್ಪನಿಂದ ಬಂದ ಸೇವೆ. ಕಣ್ಣು ಮುಚ್ಚುವಾಗ ಅವರು ಆಡಿದ್ದು ಒಂದೇ ಮಾತು: "ಭಜನಿ ಬಿಡಬ್ಯಾಡ." ಭಜನೆಗೊಂದು ಕಟ್ಟಳೆ ಇದೆ. ಒಬ್ಬ ಸೊಲ್ಲು ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವವರು ಇಲ್ಲದಿದ್ದರೆ ಅದು ಭಜನೆಯಲ್ಲ, ಒಬ್ಬಂಟಿಯ ಗೋಳು.

ಹೊಸ ದೇವರು

ಆ ಶನಿವಾರ ಬೆಳಿಗ್ಗೆ ಗುಡಿಯೆದುರಿನ ಶೇಂಗಾ ಸಾವುಕಾರರು ನನ್ನ ಅಂಗಡಿಗೆ ಬಂದು ಆರಿಸಿ ಆರಿಸಿ ಕಾಯಿ ಕೊಂಡರು. "ದೇವರಿಗೇನ್ರಿ?" ಅಂದೆ. "ಹೂಂರಿ, ಹೊಸದಾಗಿ ಬಂದಾರ" ಅಂದರು. ನಾನು ಕೈ ಮುಗಿದೆ.

ಸಂಜೆ ಗುಡಿಯಲ್ಲಿ ಇದ್ದದ್ದು ಹನುಮಪ್ಪ, ನಾನು, ಒಂದು ಹಲ್ಲಿ. ಹೊರಗೆ ಬಂದು ನೋಡಿದರೆ ಸಾವುಕಾರರ ಬಾಗಿಲಲ್ಲಿ ಇಡೀ ಬೀದಿಯ ಚಪ್ಪಲಿ. ಒಳಗೆ ಟೀವಿಗೆ ಹಾರ, ಗಾಜಿನ ಮೇಲೆ ಮೂರು ಗೆರೆ ವಿಭೂತಿ, ಮುಂದೆ ನನ್ನ ಕಾಯಿಯ ಎರಡು ಹೋಳು! ನಮ್ಮ ಭಜನೆಯ ತಬಲಾ ಮಾಸ್ತರು ಮೊದಲ ಸಾಲಿನಲ್ಲಿ, ಗುಡಿಗೆ ತರಬೇಕಿದ್ದ ತಾಳ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಟೀವಿಯಲ್ಲಿ ಕೋಟು ತೊಟ್ಟವನೊಬ್ಬ ಚಹಾ ಕುಡಿದು ಮೇಜಿನ ಮೇಲೆ ಬೋರಲು ಬಿದ್ದ. ಪೊಲೀಸರು ಬಂದರು. ಟೋಪಿ ತೆಗೆಯಲಿಲ್ಲ, ಒಬ್ಬರೂ ಅಳಲಿಲ್ಲ, ಬಾಯಿಗೆ ಹನಿ ನೀರು ಬಿಡಲಿಲ್ಲ. ಹೆಣದ ಪಕ್ಕದಲ್ಲೇ ಸಿಗರೇಟು ಹಚ್ಚಿದರು! ಮಾತೆಲ್ಲ ಹಿಂದಿ. ಬೀದಿಗೆಲ್ಲ ಅದನ್ನು ಬಿಡಿಸಿ ಹೇಳುವವರು ಸೈಕಲ್ ಶಾಪಿನ ಸಾಬರು.

"ಏನಂತಾನಪ್ಪಾ?" ಎಂದು ಕೇಳಿದಳು ಸಾವುಕಾರರ ಅವ್ವ.

"ಯಾರು ಕೊಂದ್ರು ಅಂತ ಕೇಳಾಕ ಹತ್ಯಾನವ್ವಾ."

"ಯಾರು ಕೊಂದ್ರು?"

"ಈಗ ಹೇಳಿದ್ರ ಸಿಗರೇಟ್ ಯಾರು ಮುಗಸ್ಬೇಕು?"

ನನಗೆ ಮೈಯೆಲ್ಲ ಉರಿ. ನಮ್ಮ ಬಯಲಾಟದಲ್ಲಿ ರಕ್ಕಸ ಬರುವಾಗಲೇ ಅಬ್ಬರಿಸಿಕೊಂಡು ಬರುತ್ತಾನೆ. ಕೆಟ್ಟವನು ಯಾರೆಂದು ಹುಡುಕುವ ತ್ರಾಸೇ ಇಲ್ಲ. ಇಲ್ಲಿ ನೋಡಿದರೆ ಎಲ್ಲರೂ ಇಸ್ತ್ರಿ ಅಂಗಿಯವರು! ಇಂಥದಕ್ಕೆ ನನ್ನ ಭಜನೆ ಬಿಟ್ಟರಲ್ಲ!

ಇನ್ನೂ ಐತಿ

ಮಾರನೆಯ ದಿನ ತಬಲಾ ಮಾಸ್ತರು ಹೇಳಿದರು: "ಸಿಟ್ಟಾಗಬ್ಯಾಡ್ರಿ ಅಣ್ಣಾರ. ಕೊಲೆಗಾರ ಸಿಕ್ಕ ಕೂಡ್ಲೇ ಮಂಗಳಾರತಿಗೆ ಓಡಿ ಬರ್ತೀವಿ."

"ಹೆಂಗ ಬರ್ತೀರಿ? ಹೆಣ ನೋಡಿದವರು ಮೈ ತೊಳೀದ ಗುಡಿ ಹತ್ತಂಗಿಲ್ಲ."

"ಅಯ್ಯ, ಅದು ಗಾಜಿನೊಳಗಿನ ಹೆಣ ರೀ!"

"ಗಾಜಿನೊಳಗಿನ ನಗು ತಟ್ಟತೈತಿ, ಅಳು ತಟ್ಟತೈತಿ, ಮೈಲಿಗಿ ಒಂದ ತಟ್ಟಂಗಿಲ್ಲೇನು?"

ಸಾವುಕಾರರ ಅವ್ವ ನನ್ನ ಪಕ್ಷ ವಹಿಸಿದಳು. ಅಷ್ಟೇ ಅಲ್ಲ, ಆ ಕ್ಷಣವೇ ತಾನೂ ಮಿಂದು ಮನೆಮಂದಿಗೂ ಮಾಸ್ತರಿಗೂ ತಣ್ಣೀರು ಸುರಿದಳು. ಗೆದ್ದೆ ಅಂದುಕೊಂಡೆ.

ಮುಂದಿನ ಶನಿವಾರ ನೋಡುತ್ತೇನೆ, ಎಲ್ಲರ ಹೆಗಲ ಮೇಲೂ ಟವಲ್ಲು. ಹೆಣ ಬಂತೆಂದರೆ ಗಂಡಸರು ಟವಲ್ಲು, ಹೆಂಗಸರು ಸೆರಗು ಮುಖದ ಮೇಲೆ ಎಳೆದುಕೊಳ್ಳುವುದು. ನೋಡದಿದ್ದರೆ ಮೈಲಿಗೆ ಇಲ್ಲವಲ್ಲ! ಸಾಬರೊಬ್ಬರೇ "ನಮಗ ಈ ಕಟ್ಟಳಿ ಇಲ್ರಿ" ಎಂದು ಕಣ್ಣು ಬಿಟ್ಟು ನೋಡಿ, ಹೆಣ ಇದೆಯೋ ಹೋಯಿತೋ ಎಂದು ಉಳಿದವರಿಗೆ ಕೂಗಿ ಹೇಳುವುದು.

ಇತ್ತ ನಾನು ಒಬ್ಬನೇ ಗುಡಿಯಲ್ಲಿ ಕೂತು, ಸಿಟ್ಟಿನಿಂದ ದಮ್ಮಡಿ ಬಡಿಯುತ್ತ ಸೊಲ್ಲೆತ್ತಿದೆ: "ಈ ದೇಹ ನಿನದಲ್ಲೋ ಮರುಳೇ..."

ಎದುರುಮನೆಯಿಂದ ಸಾಬರ ದನಿ: "ಐತಿ... ಇನ್ನೂ ಐತಿ!"

ಸತ್ತವನ ಚಹಾ

ಒಂದು ಸೋಮವಾರ ಮಾಸ್ತರು ಮೂಗು ಒರೆಸಿಕೊಳ್ಳುತ್ತ ಅಂಗಡಿಗೆ ನುಗ್ಗಿದರು. ಹಿಂದೆಯೇ ಸಾವುಕಾರರ ಅವ್ವ.

"ಅಣ್ಣಾರ, ಮೊದಲ ವಾರ ಸತ್ತಿದ್ನಲ್ಲ, ಕೋಟಿನಾಂವ? ಅವನ ಮೈಲಿಗಿಗೆ ಮಿಂದು ನನಗ ಹತ್ತಿದ ನೆಗಡಿ ಇನ್ನೂ ಬಿಟ್ಟಿಲ್ಲ. ನಿನ್ನಿ ಇನ್ನೊಂದು ನಾಟಕದಾಗ ಬಂದು ಮತ್ತ ಚಹಾ ಕುಡ್ಯಾಕ ಹತ್ಯಾನ!"

"ನೋಡಿದಾಗ ಹೆಣ ಇತ್ತಲ್ಲ? ಮೈಲಿಗಿ ಮೈಲಿಗೀನ" ಅಂದೆ.

ಅವ್ವನ ಸಿಟ್ಟು ನನ್ನದಕ್ಕಿಂತ ದೊಡ್ಡದು. "ಅಂವನ ಸಲುವಾಗಿ ಅತ್ತೀನಿ ತಮ್ಮಾ! ಇನ್ನ ಅಂವ ಖರೇನ ಸತ್ರೂ ನಾ ಮೀಯಂಗಿಲ್ಲ!"

ಅಂದಿನಿಂದ ಟವಲ್ಲೂ ಹೋಯಿತು, ಗುಡಿಯ ಕಡೆ ತಿರುಗಿ ನೋಡುವವರೂ ಹೋದರು. ನಾನು ಹನುಮಪ್ಪನ ಮುಂದೆ ನಿಂತು ಹೇಳಿಬಿಟ್ಟೆ: "ಬರುವ ಶನಿವಾರ ನನ್ನ ಸೊಲ್ಲು ಎತ್ತಿಕೊಳ್ಳೋರು ಒಬ್ಬರೂ ಬರಲಿಲ್ಲ ಅಂದ್ರ, ದಮ್ಮಡಿ ನಿನ್ನ ಪಾದಕ್ಕ. ಅಪ್ಪನ ಮುಂದ ನೀನ ಉತ್ತರ ಹೇಳಿಕೋ."

ಹೆಣ ಮನೆಯಲ್ಲೇ ಉಳಿದದ್ದು

ಆ ಶನಿವಾರ ಬಂತು. ಒಬ್ಬರೂ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ದಮ್ಮಡಿಯನ್ನು ಹನುಮಪ್ಪನ ಪಾದದ ಮೇಲೆ ಇಡಬೇಕು ಅನ್ನುವಾಗ ಬೀದಿಗೆ ಬೀದಿಯೇ ಕತ್ತಲಾಯಿತು. ಕರೆಂಟು ಹೋಗಿತ್ತು. ಸ್ವಲ್ಪ ಹೊತ್ತಿಗೆ ಸಾವುಕಾರರು ಲಾಟೀನು ಹಿಡಿದು ಓಡಿಬಂದರು.

"ಅಣ್ಣಾರ, ಲಗೂನ ಬರ್ರಿ. ಹೆಣ ಮೇಜಿನ ಮ್ಯಾಲ ಬಿದ್ದಿತ್ತು, ಎತ್ತೋದ್ರಾಗ ಕರೆಂಟ್ ಹೋಗೇತಿ. ಹೆಣ ಮನ್ಯಾಗ ಐತಿ ಅಂತ ಅವ್ವ ಬೀದ್ಯಾಗ ಯಾರಿಗೂ ಒಲಿ ಹಚ್ಚಗೊಡವಲ್ಲಳು. ಎಲ್ರೂ ಹಸಗೊಂಡು ಕುಂತಾರ."

"ಟೀವಿಯೊಳಗ ಸತ್ತಾಂವ ಸುಳ್ಳ ಸತ್ತಾನ ಅಂತ ಅವ್ವಗ ಗೊತ್ತೈತಲ್ಲ?"

"ಅದು ಹಳೇ ಹೆಣ ಅಂತರಿ. ಇಂವ ಹೊಸಬ, ಬ್ಯಾರೆ ಎಲ್ಲೂ ಕಂಡಿಲ್ಲ, ಖರೇನ ಸತ್ತಿದ್ರ ಅಂತಾಳ."

ಮೊದಲು ಸಿಟ್ಟು ಬಂತು. ಆಮೇಲೆ ಹನುಮಪ್ಪನ ಮುಖ ನೋಡಿದೆ. ಲಾಟೀನಿನ ಬೆಳಕಿಗೋ ಏನೋ, ಸ್ವಾಮಿ ನಕ್ಕಂತೆ ಕಂಡ.

"ಸಾವುಕಾರರ, ನಮ್ಮ ಕಡಿ ಮನ್ಯಾಗ ಹೆಣ ಇದ್ರ, ಎತ್ತೋ ತನಕ ಏನು ಮಾಡ್ತಾರ?"

"ಭಜನಿ ಮಾಡ್ತಾರ..."

"ಮತ್ತ ನಡೀರಿ!"

ಕತ್ತಲಲ್ಲಿ, ಸತ್ತ ಟೀವಿಯ ಮುಂದೆ ಕೂತು ಸೊಲ್ಲೆತ್ತಿದೆ. ಹೊಟ್ಟೆ ಹಸಿದಿತ್ತಲ್ಲ, ಇಡೀ ಬೀದಿ ಒಂದೇ ಕೊರಳಾಗಿ ಎತ್ತಿಕೊಂಡಿತು. ಮಾಸ್ತರು ತಬಲಾ ಇಲ್ಲವೆಂದು ಕೊಡ ಬಡಿದರು, ಸಾಬರು ತಾಳ ಹಿಡಿದರು. ಅಪ್ಪನ ಕಾಲದಲ್ಲೂ ಅಂಥ ಭಜನೆ ನಾನು ಕೇಳಿರಲಿಲ್ಲ. ದಮ್ಮಡಿಯ ಮೇಲೆ ನನ್ನ ಕೈ ಹಗುರಾಯಿತು.

ಹಾಡು ಏರುತ್ತಿರುವಾಗಲೇ ಕರೆಂಟು ಬಂತು. ಧಾರಾವಾಹಿ ಮುಗಿದು ವಾರ್ತೆ ಶುರುವಾಗಿತ್ತು. ಅಂಥದೇ ಕೋಟು, ಅಂಥದೇ ಮೇಜು. ಅದರ ಹಿಂದೆ ಒಬ್ಬ ನೆಟ್ಟಗೆ ಕೂತು ಇಂಗ್ಲೀಷಿನಲ್ಲಿ ಓದುತ್ತಿದ್ದ.

ಸಾವುಕಾರರ ಅವ್ವ ಎರಡೂ ಕೈ ಎತ್ತಿ ಮುಗಿದಳು. "ಹನುಮಪ್ಪಾ, ಎಂಥಾ ಸತ್ಯುಳ್ಳಾಂವೋ ನೀನು! ಭಜನಿ ಕೇಳಿ ಹೆಣ ಎದ್ದು ಕುಂತು ಮಾತಾಡಾಕ ಹತ್ತೈತಿ! ಸಾಬರ, ಏನಂತಾನ ಹೇಳಪ್ಪಾ!"

"ಅವ್ವಾ, ನನಗ ಇಂಗ್ಲೀಷ್ ಬರಂಗಿಲ್ಲ."

"ನಾ ಹೇಳ್ತೀನಿ ತಗೋ. ಯಾರು ಕೊಂದ್ರು ಅಂತ ಹೆಸರು ಓದಾಕ ಹತ್ಯಾನ!"

ಮುಂದಿನ ಶನಿವಾರ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸತ್ತವನನ್ನು ಎಬ್ಬಿಸಿದ ಭಜನೆ ನೋಡಲು ಹಂಪಸಾಗರದಿಂದಲೂ ಜನ ಬಂದಿದ್ದರು. ಮೊದಲು ಭಜನೆ, ಆಮೇಲೆ ಟೀವಿ ಎಂದು ಅವ್ವನೇ ಕಟ್ಟಳೆ ಮಾಡಿದ್ದಳು. ನನಗೆ ಮತ್ತೆ ಸಿಟ್ಟು. ದೇವರ ಹೆಸರಲ್ಲಿ ಸುಳ್ಳೇ! ಅವಳ ಕಿವಿಯಲ್ಲಿ ಹೇಳಿದೆ: "ಅವ್ವಾ, ಅಂವ ಹೆಣ ಅಲ್ಲ, ವಾರ್ತಾ ಓದಾಂವ."

ಅವಳು ನನ್ನನ್ನೇ ಗದರಿದಳು: "ಸುಮ್ಕ ದಮ್ಮಡಿ ಬಡಿ ತಮ್ಮಾ. ದೇವರ ಕೆಲಸಕ್ಕ ಅಡ್ಡ ಬರಬಾರದು."

ಇದನ್ನು ಕೇಳಿದ ನಿಮ್ಮೆಲ್ಲರ ಮನೆಯ ಒಲೆ ಆರದಿರಲಿ. ಕರೆಂಟು ಹೋದರೂ ದೀಪ ಹೋಗದಿರಲಿ. ನೀವು ಎತ್ತಿದ ಸೊಲ್ಲಿಗೆ ಓಗೊಡುವ ದನಿ ಸದಾ ನಿಮ್ಮ ಪಕ್ಕದಲ್ಲಿರಲಿ.